ಒಂದೇ ಟ್ಯಾಂಕರ್: ಅಪ್ಪನ ಲೆಕ್ಕ 14 ಸಾವಿರ, ಮಗಳ ಲೆಕ್ಕ 7 ಸಾವಿರ

ಪ್ರಶ್ನೆ: ನಾವು ಪುಣೆಯ ವಾಕಡ್‌ನಲ್ಲಿದ್ದೇವೆ. ಬೇಸಿಗೆ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಟ್ಯಾಂಕರ್ ನೀರೇ ಗತಿ. ಚೀಟಿಯಲ್ಲಿ 10,000 ಲೀಟರ್ ಎಂದಿರುತ್ತದೆ. ಅನುಮಾನ ಬಂದು ಟ್ಯಾಂಕರನ್ನೇ ಅಳೆದೆವು. ಉದ್ದ 4.6 ಮೀಟರ್. ವ್ಯಾಸ ನಾನು ಅಳೆದಾಗ 2 ಮೀಟರ್. ಸಿಲಿಂಡರಿನ ಸೂತ್ರ ಹಾಕಿದರೆ 14,000 ಲೀಟರ್ ದಾಟಿತು. ಒಂಬತ್ತನೇ ಕ್ಲಾಸಿನ ಮಗಳು ಅಳೆದಾಗ 1.4 ಮೀಟರ್, ಅವಳ ಲೆಕ್ಕ 7,000 ಲೀಟರ್. ಇಬ್ಬರದೂ ಅದೇ ಸೂತ್ರ. ಎಲ್ಲಿ ತಪ್ಪಿದೆವು? ನೀರು ನಿಜಕ್ಕೂ ಎಷ್ಟು ಬಂತೆಂದು ತಿಳಿಯುವುದು ಹೇಗೆ?

ಉತ್ತರ: ಸೂತ್ರ ಸರಿಯಾಗಿಯೇ ಇದೆ. ನಿಮ್ಮ ಟ್ಯಾಂಕರ್ ಮಾತ್ರ ದುಂಡಗಿಲ್ಲ. ಹಿಂಬದಿಗೆ ನಿಂತು ನೋಡಿ, ಮೇಲಿನಿಂದ ಅಮುಕಿದ ಹಾಗೆ ಅಡ್ಡಕ್ಕೆ ಅಗಲವಾಗಿ, ಎತ್ತರಕ್ಕೆ ಗಿಡ್ಡವಾಗಿ ಕಾಣುತ್ತದೆ. ನೀವು ಅಳೆದದ್ದು ಅಗಲ, ಮಗಳು ಅಳೆದದ್ದು ಎತ್ತರ. ಇದು ದೀರ್ಘವೃತ್ತ, ಇದಕ್ಕೆ ಎರಡೂ ಅಳತೆ ಬೇಕು. ಪೈ × ಅರ್ಧ ಅಗಲ × ಅರ್ಧ ಎತ್ತರ × ಉದ್ದ, ಅಂದರೆ 3.1416 × 1 × 0.7 × 4.6 = 10.116 ಘನ ಮೀಟರ್. ಒಂದು ಘನ ಮೀಟರ್ ಎಂದರೆ 1,000 ಲೀಟರ್. ಹಾಗಾಗಿ 10,116 ಲೀಟರ್. ಇದು ಹೊರಗಿನ ಅಳತೆ. ತಗಡು 5 ಮಿಲಿಮೀಟರ್ ದಪ್ಪ ಎಂದುಕೊಂಡು ಒಳಗಿನ ಅಳತೆಯಲ್ಲಿ ಲೆಕ್ಕ ಹಾಕಿದರೆ 9,970ರ ಹತ್ತಿರ ನಿಲ್ಲುತ್ತದೆ. ಚೀಟಿಯಲ್ಲಿ ಬರೆದದ್ದು ತೊಟ್ಟಿಯ ಮಟ್ಟಿಗೆ ಸುಳ್ಳಲ್ಲ.

ಆದರೆ ತೊಟ್ಟಿ ಹಿಡಿಸುವುದು ಬೇರೆ, ನಿಮಗೆ ಇಳಿದದ್ದು ಬೇರೆ. ಟ್ಯಾಂಕರ್ ಗಂಟಲಮಟ್ಟ ತುಂಬಿರಲಿಕ್ಕಿಲ್ಲ. ಗೇಟಿನ ಇಳಿಜಾರಿನಲ್ಲಿ ಮೂತಿ ತಗ್ಗಾಗಿ ನಿಂತರೆ ಹಿಂದಿನ ವಾಲ್ವಿನಿಂದ ಕೊನೆಯ ನೀರು ಬರುವುದೇ ಇಲ್ಲ. ಮುಂಭಾಗದ ತಳದಲ್ಲಿ ಉಳಿದು ಟ್ಯಾಂಕರ್ ಜೊತೆಗೇ ವಾಪಸು ಹೋಗುತ್ತದೆ. ಆದ್ದರಿಂದ ಟ್ಯಾಂಕರ್ ಅಳೆಯುವ ಉಸಾಬರಿ ಬಿಡಿ. ನಿಮ್ಮದೇ ನೆಲದಡಿಯ ಟಾಕಿಯನ್ನು ಅಳೆಯಿರಿ. (ಬೆಂಗಳೂರಿನವರು ಸಂಪು ಎನ್ನುವುದೇ ಇಲ್ಲಿ ಟಾಕಿ.)

ಟಾಕಿ ಸಾಮಾನ್ಯವಾಗಿ ಆಯತಘನ. ಘನಫಲ ಎಂದರೆ ತಳದ ವಿಸ್ತೀರ್ಣ × ಎತ್ತರ. ಒಳಗಿನ ಉದ್ದ 4.80 ಮೀಟರ್, ಅಗಲ 3.60 ಮೀಟರ್ ಇದ್ದರೆ ತಳ 17.28 ಚದರ ಮೀಟರ್. ನೀರು ಒಂದು ಸೆಂಟಿಮೀಟರ್ ಏರಿದರೆ 17.28 × 0.01 = 0.1728 ಘನ ಮೀಟರ್, ಅಂದರೆ 172.8 ಲೀಟರ್. ನೆನಪಿಡಬೇಕಾದ ಅಂಕಿ ಇದೊಂದೇ. 10,000ವನ್ನು ಇದರಿಂದ ಭಾಗಿಸಿದರೆ 57.9. ಟ್ಯಾಂಕರ್ ಖಾಲಿಯಾದಾಗ ನೀರು ಹೆಚ್ಚುಕಡಿಮೆ 58 ಸೆಂಟಿಮೀಟರ್ ಏರಿರಬೇಕು. 52 ಮಾತ್ರ ಏರಿತೆಂದರೆ ಬಂದದ್ದು ಸುಮಾರು 8,985 ಲೀಟರ್, ಒಂದು ಸಾವಿರ ಖೋತಾ.

ಮಟ್ಟ ನೋಡಲು ಉದ್ದನೆಯ ಪಿವಿಸಿ ಪೈಪಿಗೆ ಟೇಪಿನ ಗುರುತು ಹಾಕಿ, ಮೇಲೆ ಸೀಮೆಸುಣ್ಣ ಉಜ್ಜಿ ನೆಟ್ಟಗೆ ಇಳಿಸಿ. ಒದ್ದೆಯಾದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಒಮ್ಮೆ, ಟ್ಯಾಂಕರ್ ಹೋದ ಮೇಲೆ ಅಲೆ ನಿಂತಾಗ ಇನ್ನೊಮ್ಮೆ, ಎರಡೂ ಸಲ ಅದೇ ಜಾಗದಲ್ಲಿ. ತಳ ಇಳಿಜಾರಿದ್ದರೂ, ಮೂಲೆಯಲ್ಲಿ ಕೆಸರಿನ ಗುಂಡಿ ಇದ್ದರೂ ಚಿಂತೆಯಿಲ್ಲ. ಅವೆಲ್ಲ ಮೊದಲೇ ನೀರಿನಲ್ಲಿ ಮುಳುಗಿದ್ದರೆ ಸಾಕು. ನಾವು ಕಳೆದು ನೋಡುವುದು ಎರಡು ಮಟ್ಟಗಳ ನಡುವಿನ ನೀರನ್ನಷ್ಟೇ. ತೀರಾ ಖಾಲಿ ಟಾಕಿಗೆ ಟ್ಯಾಂಕರ್ ತರಿಸಿದ ದಿನ ಮಾತ್ರ ಈ ಲೆಕ್ಕ ಕೈಕೊಡುತ್ತದೆ.

ಎಡವುವ ಜಾಗಗಳು ಇನ್ನೂ ಇವೆ. ಹೊರಗಿನ ಅಳತೆ ಹಿಡಿದರೆ ಗೋಡೆಯೂ ನೀರಾಗಿಬಿಡುತ್ತದೆ: 15 ಸೆಂಟಿಮೀಟರ್ ಗೋಡೆ ಸೇರಿ 5.10 × 3.90 ಎಂದರೆ 19.89 ಚದರ ಮೀಟರ್, ಶೇ. 15ರಷ್ಟು ಹೆಚ್ಚು. ಇಲ್ಲದ ನೀರಿಗಾಗಿ ಡ್ರೈವರ್ ಜೊತೆ ಜಗಳ ಆಗುವುದು ಇಲ್ಲೇ. ಟಾಕಿಯೊಳಗೆ ಕಂಬಗಳಿದ್ದರೆ ಅವುಗಳ ತಳ ಕಳೆಯಿರಿ. 30 × 45 ಸೆಂಟಿಮೀಟರಿನ ಎರಡು ಕಂಬ ಎಂದರೆ 0.27 ಚದರ ಮೀಟರ್, ಉಳಿಯುವುದು 17.01, ಆಗ 58.8 ಸೆಂಟಿಮೀಟರ್ ಏರಬೇಕು. ನಡುವೆ ಗೋಡೆ ಹಾಕಿ ಬೆಂಕಿ ಆರಿಸುವ ನೀರಿಗೆ ಬೇರೆ ಖಾನೆ ಮಾಡಿದ್ದರೆ ನೀರು ಬೀಳುವ ಖಾನೆಯನ್ನಷ್ಟೇ ಅಳೆಯಿರಿ. ಎಲ್ಲಕ್ಕಿಂತ ದೊಡ್ಡ ಮೋಸ ಮಾಡುವುದು ನಿಮ್ಮದೇ ಪಂಪು. ನಿಮಿಷಕ್ಕೆ 150 ಲೀಟರ್ ಎತ್ತುವ ಪಂಪು ಕಾಲು ಗಂಟೆ ಓಡಿದರೆ 2,250 ಲೀಟರ್ ಮೇಲಕ್ಕೆ ಹೋಗಿರುತ್ತದೆ. ಪಂಪು ಬಂದ್, ನಗರಪಾಲಿಕೆಯ ನಲ್ಲಿಯೂ ಬಂದ್, ಆಮೇಲೆ ಅಳತೆ.

ಟ್ಯಾಂಕರ್ ಅರ್ಧಂಬರ್ಧ ತುಂಬಿದೆಯೋ ಎಂದು ಮೇಲಿನ ಬಾಯಿಯಿಂದ ಇಣುಕುವವರಿಗೆ ಒಂದು ಮಾತು. ಮಲಗಿದ ತೊಟ್ಟಿಯಲ್ಲಿ ಎತ್ತರಕ್ಕೂ ನೀರಿಗೂ ನೇರ ಸಂಬಂಧವಿಲ್ಲ. ಅರ್ಧ ಎತ್ತರಕ್ಕೆ ಅರ್ಧ ನೀರು, ನಿಜ. ಆದರೆ ಕಾಲು ಎತ್ತರಕ್ಕೆ ಶೇ. 19.6 ಮಾತ್ರ. ನಿಮ್ಮ 1.4 ಮೀಟರ್ ಎತ್ತರದ ತೊಟ್ಟಿಯಲ್ಲಿ ಮೇಲೆ 14 ಸೆಂಟಿಮೀಟರ್ ಖಾಲಿ ಇದ್ದರೆ ಕಮ್ಮಿಯಾದದ್ದು ಶೇ. 5ರಷ್ಟು, ಸುಮಾರು 525 ಲೀಟರ್. ಅದೇ 14 ಸೆಂಟಿಮೀಟರ್ ನಟ್ಟನಡುವೆ ಶೇ. 12.7ಕ್ಕೆ ಸಮ. ನಡುವೆ ಹೊಟ್ಟೆ ಅಗಲ, ನೆತ್ತಿ ಕಿರಿದು, ಅಷ್ಟೇ.

ತಾರಸಿಯ ಪ್ಲಾಸ್ಟಿಕ್ ಟಾಕಿ ಮಾತ್ರ ಅಪ್ಪಟ ಸಿಲಿಂಡರ್: ಪೈ × ತ್ರಿಜ್ಯ × ತ್ರಿಜ್ಯ × ಎತ್ತರ. ಅಡ್ಡಲಾಗಿ ಟೇಪು ಹಿಡಿದರೆ ನಡು ತಪ್ಪುತ್ತದೆ. ಸುತ್ತಲೂ ಟೇಪು ಸುತ್ತುವುದೇ ಸುಲಭ. ಪರಿಧಿ × ಪರಿಧಿ × ಎತ್ತರ, ಅದನ್ನು 12.57ರಿಂದ (ಪೈಯ ನಾಲ್ಕು ಪಟ್ಟು) ಭಾಗಿಸಿ. ಸುತ್ತಳತೆ 3.45, ಎತ್ತರ 1.10 ಮೀಟರ್ ಆದರೆ 1.04 ಘನ ಮೀಟರ್. ಮೈಮೇಲೆ ಏಣುಗಳಿದ್ದರೆ ಟೇಪನ್ನು ತಗ್ಗಿನಲ್ಲಿ ಕೂರಿಸಿ. ತ್ರಿಜ್ಯದ ಜಾಗದಲ್ಲಿ ವ್ಯಾಸ ಬರೆಯುವುದು ಪರೀಕ್ಷೆಯಲ್ಲೂ ತಾರಸಿಯಲ್ಲೂ ಒಂದೇ ಥರ ಆಗುವ ತಪ್ಪು. ಉತ್ತರ ನೇರ ನಾಲ್ಕು ಪಟ್ಟು.

ಮೇಲಕ್ಕೆ ಹೋಗುತ್ತ ಕಿರಿದಾಗಿ ಮೊನೆಯಾಗುವ ಶಂಕುವಿನಲ್ಲಿ ಹಿಡಿಯುವುದು ಅದೇ ತಳ, ಅದೇ ಎತ್ತರದ ಸಿಲಿಂಡರಿನ ಮೂರನೇ ಒಂದು ಭಾಗ. ರಿಪೇರಿಗೆಂದು ಸೊಸೈಟಿ ಅಂಗಳದಲ್ಲಿ ಸುರಿದ ಮರಳಿಗೆ ಇದು ಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ಮರಳು ಮಾರುವುದು ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ರಾಶಿಯ ಬುಡದ ಸುತ್ತ ಹಗ್ಗ ಹಿಡಿದು ಪರಿಧಿ ತೆಗೆಯಿರಿ. ಪರಿಧಿ × ಪರಿಧಿ × ಎತ್ತರ ÷ 37.7 (ಪೈಯ ಹನ್ನೆರಡು ಪಟ್ಟು). ಸುತ್ತಳತೆ 31 ಅಡಿ, ಎತ್ತರ 3 ಅಡಿ 3 ಇಂಚು ಇದ್ದರೆ ಸುಮಾರು 83 ಘನ ಅಡಿ, ಬ್ರಾಸಿಗೆ 17 ಕಮ್ಮಿ. 3 ಅಡಿ 3 ಇಂಚನ್ನು 3.25 ಎಂದು ಬರೆಯಬೇಕು, 3.3 ಎಂದಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಧಾನ್ಯದ ರಾಶಿಗೆ ಕೊಟ್ಟದ್ದೂ ಇದೇ ದಾರಿ: ಪರಿಧಿಯ ಆರನೇ ಒಂದು ಭಾಗದ ವರ್ಗವನ್ನು ಎತ್ತರದಿಂದ ಗುಣಿಸು. ಪೈ ಜಾಗದಲ್ಲಿ 3 ಇಟ್ಟ ಕಣದ ಲೆಕ್ಕ ಅದು; 37.7ರ ಬದಲು 36 ಬರುವುದರಿಂದ ಉತ್ತರ ಶೇ. 5ರಷ್ಟು ಹೆಚ್ಚು. ಲಾಭ ಮಾರುವವನಿಗೆ. ಇನ್ನು ತುಸು ಒದ್ದೆ ಮರಳು ಉಬ್ಬಿಕೊಂಡಿರುತ್ತದೆ. ನಯವಾದ ಮರಳು ಕಾಲು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು ಉಬ್ಬಬಹುದು. ಅದನ್ನು ಯಾವ ಸೂತ್ರವೂ ಹಿಡಿಯುವುದಿಲ್ಲ.

ಬಕೆಟ್ಟು ತುದಿ ಕತ್ತರಿಸಿದ ಶಂಕು. ಮೇಲಿನ ತ್ರಿಜ್ಯ 15, ಕೆಳಗಿನದು 11, ಎತ್ತರ 28 ಸೆಂಟಿಮೀಟರ್ ಇದ್ದರೆ: (15 × 15) + (15 × 11) + (11 × 11) = 511; ಅದನ್ನು ಪೈ × 28 ÷ 3ರಿಂದ ಗುಣಿಸಿದರೆ 14,983 ಘನ ಸೆಂಟಿಮೀಟರ್, ಹೆಚ್ಚುಕಡಿಮೆ 15 ಲೀಟರ್. ಸರಾಸರಿ ತ್ರಿಜ್ಯ 13 ಹಿಡಿದು ಸಿಲಿಂಡರ್ ಎಂದುಕೊಂಡರೂ 14,866 ಬರುತ್ತದೆ. ಬಕೆಟ್ಟಿಗೆ ಅಷ್ಟು ಸಾಕು. ಅದೇ ಉಪಾಯ ಮರಳಿನ ರಾಶಿಗೆ ಹಾಕಬೇಡಿ, ಮೂರನೇ ಒಂದರ ಬದಲು ನಾಲ್ಕನೇ ಒಂದು ಭಾಗ ಬರುತ್ತದೆ.

ಗೋಳ ಟಾಕಿಯ ಲೆಕ್ಕದಲ್ಲಿ ಬರುವುದಿಲ್ಲ, ಲಾಡಿನಲ್ಲಿ ಬರುತ್ತದೆ. 4 ÷ 3 × ಪೈ × ತ್ರಿಜ್ಯದ ಘನ. 5 ಸೆಂಟಿಮೀಟರ್ ವ್ಯಾಸದ ಲಾಡು 65 ಘನ ಸೆಂಟಿಮೀಟರ್, 6 ಸೆಂಟಿಮೀಟರಿನದು 113. ಕಣ್ಣಿಗೆ ಚೂರೇ ದೊಡ್ಡದು, ಬೂಂದಿ ಮುಕ್ಕಾಲು ಪಾಲಿನಷ್ಟು ಹೆಚ್ಚು.

ನಿಮ್ಮ ಟಾಕಿಗೆ ಬರೋಣ. ಮುಚ್ಚಳದ ಕೆಳಗೆ ಒಳಗೋಡೆಯ ಮೇಲೆ 10 ಸೆಂಟಿಮೀಟರಿಗೊಂದು ಗೆರೆ ಎಳೆಸಿ, ಪಕ್ಕದಲ್ಲಿ ಲೀಟರ್ ಬರೆಸಿ: ನಿಮ್ಮ ಅಳತೆಗೆ ಗೆರೆಗೆ 1,728. ಬಣ್ಣ ಕುಡಿಯುವ ನೀರಿನ ಟಾಕಿಗೆ ಹೊಂದುವಂಥದ್ದಿರಲಿ. ಗೆರೆ ಓದುವುದರಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆದರೆ 173 ಲೀಟರ್ ತಪ್ಪುತ್ತದೆ. ಹಾಗಾಗಿ 200 ಲೀಟರಿಗಾಗಿ ಯಾರನ್ನೂ ನಿಲ್ಲಿಸಿ ಕೇಳಬೇಡಿ. ಮೂರು ನಾಲ್ಕು ಟ್ರಿಪ್‌ನ ಅಳತೆ ವಾಚ್‌ಮನ್ ಕೈಲಿ ಬರೆಸಿಡಿ. ಪ್ರತಿ ಸಲವೂ 53, 54ರಲ್ಲೇ ನಿಲ್ಲುತ್ತಿದ್ದರೆ ಆಗ ಚೀಟಿ ಹಿಡಿದು ಮಾತಾಡಿ.