ಒಂದೇ ನಿಯಮ, ಎರಡು ಈಸ್ಟರ್: ದಿನಾಂಕದ ವಿವಾದ ಬೆಳೆದು ಬಂದ ಬಗೆ

2024ರಲ್ಲಿ ರೋಮಿನ ಧರ್ಮಸಭೆ ಮಾರ್ಚ್ 31ಕ್ಕೆ ಈಸ್ಟರ್ ಆಚರಿಸಿತು. ಗ್ರೀಸ್, ರಷ್ಯಾಗಳ ಆರ್ಥಡಾಕ್ಸ್ ಸಭೆಗಳು ಆಚರಿಸಿದ್ದು ಮೇ 5ಕ್ಕೆ, ಅಂದರೆ ಐದು ವಾರ ತಡವಾಗಿ. ಮರುವರ್ಷ ಎರಡೂ ಏಪ್ರಿಲ್ 20ಕ್ಕೇ ಬಂದವು. ಇಬ್ಬರ ನಿಯಮವೂ ಒಂದೇ: ವಸಂತ ವಿಷುವದಂದು (ಹಗಲು ಇರುಳು ಸಮವಾಗುವ ಮಾರ್ಚ್ ತಿಂಗಳ ದಿನ) ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ನಂತರದ ಭಾನುವಾರ. ಇಬ್ಬರೂ ಆಧಾರವಾಗಿ ತೋರಿಸುವುದು 325ರಲ್ಲಿ ಧರ್ಮಾಧ್ಯಕ್ಷರು ಸೇರಿದ್ದ ನೈಸಿಯಾ ಮಹಾಸಭೆಯನ್ನು. ಆದರೆ ಆ ಸಭೆಯ 20 ಶಾಸನಗಳನ್ನು ಓದಿನೋಡಿ, ಈಸ್ಟರ್ ಲೆಕ್ಕದ ಮಾತು ಒಂದರಲ್ಲೂ ಇಲ್ಲ.

ಮೊದಲ ಜಗಳ ಹುಟ್ಟಿದ್ದು ಗಣಿತದಿಂದಲ್ಲ. ಎಫೆಸ, ಸ್ಮರ್ನ ಮುಂತಾದ ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಸಭೆಗಳು ಯೆಹೂದ್ಯರ ನಿಸಾನ್ ತಿಂಗಳ 14ನೇ ದಿನವೇ ಪಾಸ್ಕ ಹಬ್ಬ (ಯೆಹೂದ್ಯರ ವಿಮೋಚನೆಯ ಹಬ್ಬ; ಈಸ್ಟರಿಗೂ ಇದೇ ಹೆಸರಿತ್ತು) ಮಾಡುತ್ತಿದ್ದವು. ಅದು ವಾರದ ಯಾವ ದಿನವಾದರೂ ಸರಿ. ಆ ತಿಂಗಳು ಅಮಾವಾಸ್ಯೆ ಕಳೆದು ಚಂದ್ರದರ್ಶನವಾದಾಗ ಶುರುವಾಗುವುದರಿಂದ 14 ಎಂದರೆ ಹುಣ್ಣಿಮೆಯ ಆಸುಪಾಸು. ಪಾಸ್ಕದ ಕುರಿಮರಿ ಬಲಿಯಾಗುವ ದಿನ ಅದು. ರೋಮಿನವರಿಗಾದರೋ ಯೇಸುವಿನ ಪುನರುತ್ಥಾನದ ಭಾನುವಾರವೇ ಹಬ್ಬ. ಸುಮಾರು 155ರಲ್ಲಿ ಸ್ಮರ್ನದ ಧರ್ಮಾಧ್ಯಕ್ಷ ಪಾಲಿಕಾರ್ಪ ರೋಮಿಗೆ ಹೋಗಿ ಅಲ್ಲಿನ ಧರ್ಮಾಧ್ಯಕ್ಷ ಅನಿಸೆಟಸನ ಜೊತೆ ಈ ಬಗ್ಗೆ ಮಾತಾಡಿದ. ಇಬ್ಬರೂ ಪಟ್ಟು ಬಿಡಲಿಲ್ಲ. ಆದರೂ ಅನಿಸೆಟಸ್ ತನ್ನ ಸಭೆಯಲ್ಲಿ ಪರಮಪ್ರಸಾದದ ಆರಾಧನೆಯನ್ನು ಪಾಲಿಕಾರ್ಪನಿಗೇ ಬಿಟ್ಟುಕೊಟ್ಟ, ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು.

190ರ ಸುಮಾರಿಗೆ ವಿಕ್ಟರ್ ರೋಮಿನ ಧರ್ಮಾಧ್ಯಕ್ಷನಾಗಿದ್ದಾಗ ಈ ತಾಳ್ಮೆ ಉಳಿಯಲಿಲ್ಲ. ಏಷ್ಯಾ ಮೈನರಿನ ಸಭೆಗಳನ್ನು ಅನ್ಯೋನ್ಯತೆಯಿಂದಲೇ, ಅಂದರೆ ಸಭೆಗಳ ಒಕ್ಕೂಟದಿಂದಲೇ, ಹೊರಗಿಡಲು ಅವನು ಮುಂದಾದ. ಎಫೆಸದ ಧರ್ಮಾಧ್ಯಕ್ಷ ಪಾಲಿಕ್ರೇಟಸ್ ಬೆದರಲಿಲ್ಲ: ತನ್ನ ಬಂಧುಗಳಲ್ಲಿ ಏಳು ಜನ ಧರ್ಮಾಧ್ಯಕ್ಷರಾಗಿದ್ದರು, ತಾನು ಎಂಟನೆಯವನು, ಎಲ್ಲರೂ ಪಾಲಿಸಿದ್ದು ಇದೇ ದಿನವನ್ನು ಎಂದು ಬರೆದ. ಆಗ ವಿಕ್ಟರನನ್ನು ತಡೆಯಲು ನಿಂತವನು ಲಿಯೋನ್‌ನ ಧರ್ಮಾಧ್ಯಕ್ಷ ಐರೇನಿಯಸ್. ಅವನು ಸ್ವತಃ ಭಾನುವಾರದ ಪಕ್ಷದವನೇ. ಹಬ್ಬದ ಮುಂಚಿನ ಉಪವಾಸವನ್ನು ಕೆಲವರು ಒಂದು ದಿನ, ಕೆಲವರು ಎರಡು ದಿನ, ಇನ್ನು ಕೆಲವರು 40 ಗಂಟೆ ಮಾಡುತ್ತಾರೆ, ಈ ಭೇದವೇ ನಮ್ಮ ವಿಶ್ವಾಸ ಒಂದೆಂಬುದನ್ನು ದೃಢಪಡಿಸುತ್ತದೆ ಎಂದು ಅವನು ವಾದಿಸಿದ. ಈ ಇಡೀ ವಿವಾದದಲ್ಲಿ ಇದಕ್ಕಿಂತ ದೊಡ್ಡ ಮಾತನ್ನು ಯಾರೂ ಆಡಲಿಲ್ಲ.

ನೈಸಿಯಾದ ಹೊತ್ತಿಗೆ ಪ್ರಶ್ನೆಯೇ ಬದಲಾಗಿತ್ತು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೌರವರ್ಷಕ್ಕೆ 11 ದಿನ ಕಡಿಮೆ. ನಮ್ಮ ಪಂಚಾಂಗದಂತೆ ಯೆಹೂದ್ಯರೂ ಅಧಿಕಮಾಸ ಸೇರಿಸುತ್ತಾರೆ. ಅದನ್ನು ಯಾವ ವರ್ಷ ಸೇರಿಸಬೇಕೆಂಬುದರ ಮೇಲೆ ಪಾಸ್ಕ ವಿಷುವಕ್ಕಿಂತ ಮುಂಚೆ ಬರುವುದೋ ಆಮೇಲೋ ಎಂಬುದು ನಿಂತಿತ್ತು. ಸಿರಿಯಾ ಕಡೆಯ ಕ್ರೈಸ್ತರು ನೆರೆಯ ಯೆಹೂದ್ಯರ ಲೆಕ್ಕವನ್ನೇ ಹಿಡಿದರೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ತನ್ನ ಲೆಕ್ಕ ತಾನೇ ಹಾಕುತ್ತಿತ್ತು. ಮಹಾಸಭೆ ತೀರ್ಮಾನಿಸಿದ್ದು ಇಷ್ಟೇ: ಎಲ್ಲರೂ ಒಂದೇ ದಿನ ಆಚರಿಸಬೇಕು, ಯೆಹೂದ್ಯರ ಲೆಕ್ಕವನ್ನು ಅವಲಂಬಿಸಬಾರದು. ಇದನ್ನು ಸಾರಿದ ಚಕ್ರವರ್ತಿ ಕಾನ್‌ಸ್ಟಂಟೈನನ ಪತ್ರದಲ್ಲಿ ಯೆಹೂದ್ಯರ ಮೇಲೆ ವಿಷ ಕಾರಿದ ಮಾತುಗಳಿವೆ. ಪಂಚಾಂಗದ ಒಂದು ತೀರ್ಮಾನಕ್ಕೆ ಅಂಟಿಕೊಂಡ ಆ ದ್ವೇಷವನ್ನು ಮುಚ್ಚಿಟ್ಟು ಈ ಚರಿತ್ರೆ ಬರೆಯಬಾರದು.

ಲೆಕ್ಕದ ಯಂತ್ರ ಬಂದದ್ದು ಅಲೆಕ್ಸಾಂಡ್ರಿಯಾದಿಂದ. 19 ವರ್ಷದಲ್ಲಿ 235 ಚಾಂದ್ರಮಾಸ. ಅಂದರೆ 12 ವರ್ಷಕ್ಕೆ ಹನ್ನೆರಡು ತಿಂಗಳು, 7 ವರ್ಷಕ್ಕೆ ಹದಿಮೂರು. ವಿಷುವ ಮಾರ್ಚ್ 21 ಎಂದು ಗೊತ್ತುಮಾಡಿ, ಚಕ್ರದ ಪ್ರತಿ ವರ್ಷಕ್ಕೂ ಪಾಸ್ಕದ ಹುಣ್ಣಿಮೆಯನ್ನು ಪಟ್ಟಿಯಲ್ಲಿ ಬರೆದಿಟ್ಟರು. ವರ್ಷವನ್ನು 19ರಿಂದ ಭಾಗಿಸಿ ಶೇಷಕ್ಕೆ 1 ಕೂಡಿಸಿದರೆ ಚಕ್ರದಲ್ಲಿ ಅದರ ಸ್ಥಾನ ಸಿಗುತ್ತದೆ. 387ಕ್ಕೆ ಶೇಷ 7, ಸ್ಥಾನ 8, ಹುಣ್ಣಿಮೆ ಏಪ್ರಿಲ್ 18. ಅಂದು ಭಾನುವಾರ. ಹುಣ್ಣಿಮೆಯೇ ಭಾನುವಾರ ಬಿದ್ದರೆ ಹಬ್ಬ ಒಂದು ವಾರ ಮುಂದಕ್ಕೆ ಹೋಗಬೇಕು; ಹೀಗೆ ಏಪ್ರಿಲ್ 25. ಇಷ್ಟು ತಡವಾದ ದಿನಾಂಕವನ್ನು ಸಮರ್ಥಿಸಿ ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸ್ ಪತ್ರ ಬರೆಯಬೇಕಾಯಿತು. ಅದೇ ಹಬ್ಬದ ಹಿಂದಿನ ರಾತ್ರಿ ಅವನ ಕೈಯಿಂದ, ಮುಂದೆ ದೊಡ್ಡ ಧರ್ಮಶಾಸ್ತ್ರಜ್ಞನಾದ ಅಗಸ್ಟೀನನಿಗೆ ಜ್ಞಾನಸ್ನಾನವಾಯಿತು.

ದಿನಾಂಕವನ್ನು ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಪ್ರತಿ ವರ್ಷ ಹಬ್ಬದ ಪತ್ರದಲ್ಲಿ ತಿಳಿಸುತ್ತಿದ್ದ. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು, ಅಷ್ಟನ್ನೇ, ಹೆಸರಿಸಿದ 367ರ ಅಥನೇಸಿಯಸನ ಪಟ್ಟಿ ಇರುವುದೂ ಅಂಥ ಒಂದು ಪತ್ರದಲ್ಲೇ.

ರೋಮಿನಲ್ಲಿ ನಡೆಯುತ್ತಿದ್ದುದು 84 ವರ್ಷದ ಚಕ್ರ. ಚಂದ್ರನ ಲೆಕ್ಕಕ್ಕೆ ಅದು 19ರಷ್ಟು ಹೊಂದುವುದಿಲ್ಲ. 455ರಲ್ಲಿ ರೋಮಿನ ಲೆಕ್ಕ ಏಪ್ರಿಲ್ 17 ಎಂದರೆ ಅಲೆಕ್ಸಾಂಡ್ರಿಯಾ 24 ಎಂದಿತು. ಪೋಪ್ ಮೊದಲನೆಯ ಲಿಯೋ ಒಲ್ಲದ ಮನಸ್ಸಿನಿಂದಲೇ, ಐಕ್ಯಕ್ಕಾಗಿ ಮಣಿದ. 525ರಲ್ಲಿ ರೋಮಿನ ಸನ್ಯಾಸಿ ಡಯನೀಸಿಯಸ್ ಎಕ್ಸಿಗ್ಯೂಸ್ ಅಲೆಕ್ಸಾಂಡ್ರಿಯಾದ ಪಟ್ಟಿಯನ್ನು ಲ್ಯಾಟಿನ್ನಿಗೆ ತಂದು 95 ವರ್ಷ ಮುಂದುವರಿಸಿದ. ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿ ಡಯೋಕ್ಲೀಶಿಯನ್ನನ ಹೆಸರಿನ ಶಕೆ ಬೇಡವೆಂದು ಕ್ರಿಸ್ತಶಕದಲ್ಲಿ ವರ್ಷ ಎಣಿಸಿದ. ನಾವು ಇಂದು ಬರೆಯುವ ಇಸವಿಯ ಮೂಲ ಈ ಈಸ್ಟರ್ ಪಟ್ಟಿ.

ಪಟ್ಟಿಯಲ್ಲಿ ಎರಡು ಸಣ್ಣ ತಪ್ಪುಗಳಿದ್ದವು. ಜೂಲಿಯಸ್ ಸೀಸರನ ಕ್ಯಾಲೆಂಡರಿನ, ಅಂದರೆ ಜೂಲಿಯನ್, ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ; 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. 19 ಜೂಲಿಯನ್ ವರ್ಷ 235 ಚಾಂದ್ರಮಾಸಕ್ಕಿಂತ ಸುಮಾರು ಒಂದೂವರೆ ಗಂಟೆ ಹೆಚ್ಚು. ಮುನ್ನೂರು ಚಿಲ್ಲರೆ ವರ್ಷಕ್ಕೆ ಇನ್ನೊಂದು ದಿನ. 1582ರಲ್ಲಿ ಗ್ರೆಗೊರಿ ಪೋಪ್ ಎರಡನ್ನೂ ತಿದ್ದಿಸಿ ಅಕ್ಟೋಬರ್ 4ರ ಮರುದಿನವನ್ನು 15 ಮಾಡಿದ. ಪೂರ್ವದ ಸಭೆಗಳು ಒಪ್ಪಲಿಲ್ಲ. ಕ್ರಿಸ್‌ಮಸ್ಸನ್ನು ಹೊಸ ಕ್ಯಾಲೆಂಡರಿಗೆ ತಂದ ಗ್ರೀಕ್ ಸಭೆಯೂ ಈಸ್ಟರ್‌ಗೆ ಇಂದಿಗೂ ಹಳೆಯ ಪಟ್ಟಿಯನ್ನೇ ನೋಡುತ್ತದೆ.

ಈಗ 2024ಕ್ಕೆ ಲೆಕ್ಕ ಹಾಕಿ. ಜೂಲಿಯನ್ ಮಾರ್ಚ್ 21 ಎಂದರೆ ನಮ್ಮ ಏಪ್ರಿಲ್ 3, ಹಾಗಾಗಿ ಮಾರ್ಚ್ 25ರ ಹುಣ್ಣಿಮೆ ಲೆಕ್ಕಕ್ಕೇ ಬರಲಿಲ್ಲ. ಮುಂದಿನ ಹುಣ್ಣಿಮೆ ಪಟ್ಟಿಯ ಪ್ರಕಾರ ಜೂಲಿಯನ್ ಏಪ್ರಿಲ್ 15, ಅಂದರೆ ನಮ್ಮ ಏಪ್ರಿಲ್ 28; ಆಕಾಶದಲ್ಲಿ ಅದು 23-24ಕ್ಕೇ ಆಗಿಹೋಗಿತ್ತು. 28 ಭಾನುವಾರ, ಆದ್ದರಿಂದ ಹಬ್ಬ ಮತ್ತೊಂದು ವಾರ ಮುಂದಕ್ಕೆ. ಯೆಹೂದ್ಯರ ಪಾಸ್ಕ ಮುಗಿಯಲೆಂದು ಆರ್ಥಡಾಕ್ಸರು ಕಾಯುತ್ತಾರೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಆದರೆ ಈ ಲೆಕ್ಕದ ಯಾವ ಹಂತದಲ್ಲೂ ಯೆಹೂದ್ಯರ ಪಾಸ್ಕವನ್ನು ನೋಡುವುದಿಲ್ಲ. 2025ರಲ್ಲಿ ಗ್ರೆಗೋರಿಯನ್ ಪಟ್ಟಿಯ ಹುಣ್ಣಿಮೆ, ಏಪ್ರಿಲ್ 13, ಭಾನುವಾರ ಬಿತ್ತು. ಪಶ್ಚಿಮದವರೂ ಒಂದು ವಾರ ಸರಿದದ್ದರಿಂದ ಇಬ್ಬರೂ 20ಕ್ಕೆ ಕೂಡಿದರು.

1997ರಲ್ಲಿ ಸಿರಿಯಾದ ಅಲೆಪ್ಪೋದಲ್ಲಿ ಸೇರಿದ ವಿವಿಧ ಸಭೆಗಳ ಪ್ರತಿನಿಧಿಗಳು ಪಟ್ಟಿಗಳನ್ನೇ ಬಿಟ್ಟು, ಜೆರುಸಲೇಮಿನ ರೇಖಾಂಶಕ್ಕೆ ಖಗೋಳ ಲೆಕ್ಕ ಹಾಕೋಣ ಎಂದರು. ಅದರ ಭಾರ ಪೂರ್ವದವರ ಮೇಲಷ್ಟೇ ಬೀಳುವುದಿಲ್ಲ. 2019ರಲ್ಲಿ ವಿಷುವ ಮಾರ್ಚ್ 20ಕ್ಕೆ, ಹುಣ್ಣಿಮೆ 21ಕ್ಕೆ ಆಗಿತ್ತು. ಅಲೆಪ್ಪೋ ರೀತಿಯಲ್ಲಿ ಈಸ್ಟರ್ ಮಾರ್ಚ್ 24. ಪೂರ್ವದವರು ಅದನ್ನು ಆಚರಿಸಿದ್ದು ಏಪ್ರಿಲ್ 28ಕ್ಕೆ, ರೋಮ್ ಏಪ್ರಿಲ್ 21ಕ್ಕೆ.