ಮಲ್ಪೆಯ ಕಲ್ಲುಕಂಬಗಳನ್ನು ಕೆತ್ತಿದ್ದು ಯಾರು?

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಐದು, ಆರು ಮುಖದ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಇಷ್ಟು ಅಚ್ಚುಕಟ್ಟಾದದ್ದು ತಾನಾಗಿಯೇ ಆಯಿತು ಎಂದರೆ ನಂಬುವುದು ಕಷ್ಟ, ಅಲ್ವಾ?

ಯುರೋಪಿನಲ್ಲಿ ಈ ಪ್ರಶ್ನೆಗೆ ದೊಡ್ಡ ಜಗಳವೇ ನಡೆದಿತ್ತು. ಉತ್ತರ ಐರ್ಲೆಂಡಿನ ಕಡಲ ಅಂಚಿನಲ್ಲಿ ಇಂಥ ಸುಮಾರು 40,000 ಕಂಬಗಳಿವೆ. ಜೈಂಟ್ಸ್ ಕಾಸ್‌ವೇ ಎಂದು ಅದರ ಹೆಸರು. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿಗೆ ದಾಟಲು ಕಟ್ಟಿದ ದಾರಿ ಎಂಬುದು ಅಲ್ಲಿನವರ ಕಥೆ. 1693ರಲ್ಲಿ ಅದರ ವರದಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಬಂತು. ಮನುಷ್ಯರು ಉಳಿ ಹಿಡಿದು ಕಡೆದರೋ, ದೈತ್ಯನ ಕೆಲಸವೋ, ಪ್ರಕೃತಿಯದ್ದೋ ಎಂಬ ಚರ್ಚೆ ಶುರುವಾಯಿತು. 1740ರ ದಶಕದಲ್ಲಿ ಸುಸಾನಾ ಡ್ರೂರಿ ಬರೆದ ಚಿತ್ರಗಳು ಅಚ್ಚಾದವು. ಅಲ್ಲಿಗೆ ಹೋಗಲಾಗದ ವಿದ್ವಾಂಸರೂ ಕಂಬಗಳನ್ನು ಕಂಡರು.

1760ರ ದಶಕದಲ್ಲಿ ಫ್ರಾನ್ಸಿನ ಭೂವಿಜ್ಞಾನಿ ನಿಕೊಲಾ ದೆಮರೆ ಓವೆರ್ನ್ ಸೀಮೆಯಲ್ಲಿ ಇಂಥದ್ದೇ ಕಂಬಗಳನ್ನು ನೋಡಿದರು. ಆ ಕಲ್ಲಿನ ಜಾಡು ಹಿಡಿದು ಹೋದರೆ ಆರಿದ ಜ್ವಾಲಾಮುಖಿಗಳು ಸಿಕ್ಕವು. ಇದು ಲಾವಾ ಎಂದರು. ಜರ್ಮನಿಯ ಭೂವಿಜ್ಞಾನಿ ವೆರ್ನರ್ ಮತ್ತು ಅವರ ಶಿಷ್ಯರು ಒಪ್ಪಲಿಲ್ಲ. ಸಮುದ್ರದ ನೀರಿನಿಂದ ಹುಟ್ಟಿದ ಕಲ್ಲು ಎಂದು ಹಟ ಹಿಡಿದರು. ಕೊನೆಗೆ ದೆಮರೆ ಹೇಳಿದ್ದೇ ಸರಿಯಾಯಿತು.

ಐರ್ಲೆಂಡಿನ ಲಾವಾ ಸುಮಾರು 6 ಕೋಟಿ ವರ್ಷ ಹಳೆಯದು. ಮಲ್ಪೆಯದು ಇನ್ನೂ ಹಿಂದಿನದು, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ, ಸುಮಾರು 8.8 ಕೋಟಿ ವರ್ಷದ ಹಿಂದಿನ ಕಾಲದ್ದು. ಎರಡೂ ಬೇರೆ ಬೇರೆ ಜಾತಿಯ ಕಲ್ಲು. ಆದರೂ ಆಕಾರ ಒಂದೇ ಥರ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದೇ.

ಲಾವಾ ತಣಿದಾಗ ಕುಗ್ಗುತ್ತದೆ. ಕುಗ್ಗಿದಾಗ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಮೊದಲ ಬಿರುಕು ಎಲ್ಲಿ ಬೇಕಾದರೂ ಹುಟ್ಟಬಹುದು. ಅಷ್ಟು ಮಾತ್ರ ಆಕಸ್ಮಿಕ. ಒಳಗೆ ತಣಿದಂತೆಲ್ಲ ಬಿರುಕು ಕೆಳಗಿಳಿಯುತ್ತದೆ. ಇಳಿಯುತ್ತಾ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಎಳೆತ ಎಲ್ಲ ಕಡೆಗೂ ಹೆಚ್ಚುಕಡಿಮೆ ಸಮವಾದಾಗ, ಮೂರು ಬಿರುಕು ಕೂಡುವಲ್ಲಿ ಕೋನ 120 ಡಿಗ್ರಿಗೆ ಹತ್ತಿರವಾಗುತ್ತದೆ. ಆರು ಮುಖ ಬರುವುದು ಹೀಗೆ.

ಯಾರೋ ಮಾಡಿದ್ದು, ಇಲ್ಲವೇ ಬರೀ ಅದೃಷ್ಟ ಎಂದು ಎರಡೇ ಉತ್ತರ ಇಟ್ಟುಕೊಂಡರೆ ಈ ಕಂಬಗಳು ಅರ್ಥವಾಗುವುದಿಲ್ಲ. ಸುಮ್ನೆ ಅದೃಷ್ಟವಾಗಿದ್ದರೆ ಇಷ್ಟು ಸಾವಿರ ಕಂಬ ಒಂದೇ ಥರ ಆಗುತ್ತಿರಲಿಲ್ಲ. ಅಳತೆ ಹಿಡಿದು ಕಡೆದಿದ್ದರೆ ಐರ್ಲೆಂಡಿನಲ್ಲಿ ನಾಲ್ಕು, ಐದು, ಏಳು ಮುಖದವು ನಡುವೆ ಬೆರೆತಿರುತ್ತಿರಲಿಲ್ಲ.

ಟೊರಾಂಟೊ ವಿಶ್ವವಿದ್ಯಾಲಯದ ಲೂಕಸ್ ಗೋರಿಂಗ್ ಮತ್ತು ಸ್ಟೀಫನ್ ಮಾರಿಸ್ ಇದನ್ನು ಕಾರ್ನ್‌ಫ್ಲೋರಿನಲ್ಲಿ ಮಾಡಿ ನೋಡಿದರು. ನೀರಿನಲ್ಲಿ ಕಲಸಿ, ದೀಪದ ಶಾಖದಲ್ಲಿ ಒಣಗಿಸಿದರು. ಒಳಗೆ ಪುಟ್ಟ ಕಂಬಗಳು ಎದ್ದಿದ್ದವು. ನಿಧಾನವಾಗಿ ಒಣಗಿದಷ್ಟೂ ಕಂಬ ಜಾಸ್ತಿ ದಪ್ಪ.