ಮಧ್ಯಾಹ್ನದ ಖಾಲಿ ಬಸ್ಸು

ಕಚೇರಿ, ಕಾಲೇಜುಗಳ ಶಟಲ್ ಬಸ್‌ಗೆ ವೇಳಾಪಟ್ಟಿ ಮಾಡಿಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: ‘ಮಧ್ಯಾಹ್ನ ನೋಡಿ ಸಾರ್, ಅಷ್ಟು ದೊಡ್ಡ ಬಸ್ಸಿನಲ್ಲಿ ಇಬ್ಬರು ಕೂತಿರ್ತಾರೆ. ಅವರು ಕಾರಲ್ಲೇ ಬಂದಿದ್ರೆ ಹೊಗೆ ಕಡಿಮೆ ಆಗ್ತಿತ್ತು ಅಲ್ವಾ?’

ಆ ಒಂದು ಟ್ರಿಪ್ಪಿನ ಮಟ್ಟಿಗೆ ಅವರ ಮಾತು ನಿಜ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಪೆಟ್ರೋಲ್ ಆದರೆ 2.3 ಕೆ.ಜಿ. (ಲೀಟರ್ ಎಣ್ಣೆ ಒಂದು ಕೆ.ಜಿ.ಯೂ ತೂಗುವುದಿಲ್ಲ, ಹೊಗೆ ಹೇಗೆ ಇಷ್ಟು ತೂಗುತ್ತೆ ಅಂತ ಅನುಮಾನ ಬರಬಹುದು. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಜಾಸ್ತಿ ತೂಕ ಅದರದ್ದೇ.) ಲೀಟರಿಗೆ 4 ಕಿ.ಮೀ. ಓಡುವ ಬಸ್ಸು ಪ್ರತಿ ಕಿ.ಮೀ.ಗೆ 675 ಗ್ರಾಂ ಬಿಡುತ್ತದೆ. 15 ಕಿ.ಮೀ. ಮೈಲೇಜ್ ಕೊಡುವ ಪೆಟ್ರೋಲ್ ಕಾರು ಬಿಡುವುದು 153 ಗ್ರಾಂ. ಒಬ್ಬೊಬ್ಬರೇ ಕಾರು ಓಡಿಸುವ ಐದು ಜನ ಬಸ್ಸು ಹತ್ತಿದರೆ ಬಸ್ಸು ಗೆದ್ದ ಹಾಗೆ. ಇಬ್ಬರೇ ಆದರೆ ಸೋತ ಹಾಗೆ.

ಆದರೆ ಬಸ್ಸಿನ ಲೆಕ್ಕವನ್ನು ಟ್ರಿಪ್ಪಿಗೆ ಹಾಕಬಾರದು, ದಿನಕ್ಕೆ ಹಾಕಬೇಕು. ದಾರಿ 10 ಕಿ.ಮೀ., ದಿನಕ್ಕೆ 16 ಓಟ ಅಂದುಕೊಳ್ಳಿ. ಬೆಳಿಗ್ಗೆ ಜನರನ್ನು ಇಳಿಸಿ ಖಾಲಿ ವಾಪಸಾಗುವುದೂ ಇದರಲ್ಲಿ ಸೇರಿದೆ. ಡಿಪೋದಿಂದ ಬರಲು, ಹೋಗಲು ಇನ್ನೊಂದು 40 ಕಿ.ಮೀ. ಈ ಡಿಪೋ ಓಟವನ್ನು ಎಲ್ಲರೂ ಮರೆಯುತ್ತಾರೆ. ಒಟ್ಟು 200 ಕಿ.ಮೀ., 50 ಲೀಟರ್, 135 ಕೆ.ಜಿ. ದಿನಪೂರ್ತಿ 180 ಜನ ಹತ್ತಿ, ಒಬ್ಬೊಬ್ಬರೂ ಪೂರ್ತಿ 10 ಕಿ.ಮೀ. ಹೋದರೆ ತಲೆಗೆ ಕಿ.ಮೀ.ಗೆ 75 ಗ್ರಾಂ. ಒಬ್ಬರೇ ಕೂತ ಕಾರಿನ ಅರ್ಧ. ಕಾರಿನಲ್ಲಿ ಇಬ್ಬರು ಕೂತರೆ? ಹೆಚ್ಚೂಕಡಿಮೆ ಸಮ. ಇದನ್ನು ಹೇಳಿದಾಗ ಶಟಲ್ ಪರ ಇರುವವರ ಮುಖ ಸ್ವಲ್ಪ ಬಾಡುತ್ತದೆ.

ಇನ್ನೊಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ: ಬಸ್ಸು ಇಲ್ಲದಿದ್ದರೆ ಈ 180 ಜನ ಹೇಗೆ ಬರುತ್ತಿದ್ದರು? ನಡೆದೋ ಸೈಕಲ್‌ನಲ್ಲೋ ಬರುತ್ತಿದ್ದವರನ್ನು ಬಸ್ಸಿಗೆ ಹತ್ತಿಸಿದರೆ ಉಳಿತಾಯ ಸೊನ್ನೆ. ಬಸ್ಸು ಹಳೇ ಡೀಸೆಲ್ ಗಾಡಿಯಾಗಿದ್ದರೆ ಮಸಿ, ನೈಟ್ರೋಜನ್ ಆಕ್ಸೈಡ್ ವಿಷಯದಲ್ಲಿ ಅದು ಕಾರಿಗಿಂತ ಕೆಟ್ಟದ್ದು. ಹಾಗಂತ ಕಾರೇನೂ ಸಾಚಾ ಅಲ್ಲ. ಅದರ ಹೊಗೆ ಶುದ್ಧ ಮಾಡುವ ಕನ್ವರ್ಟರ್ ನೂರಾರು ಡಿಗ್ರಿ ಬಿಸಿಯಾದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು. ತಣ್ಣಗಿದ್ದ ಕಾರು ಹೊರಟ ಮೊದಲ ನಿಮಿಷಗಳಲ್ಲೇ ಜಾಸ್ತಿ ಕೊಳೆ ಉಗುಳುತ್ತದೆ. 180 ಕಾರು ಅಂದರೆ 180 ಸಲ ತಣ್ಣನೆ ಸ್ಟಾರ್ಟು.

ಮತ್ತೆ ಆ ಮಧ್ಯಾಹ್ನದ ಬಸ್ಸಿಗೆ ಬರೋಣ. ಒಂದು ಕಡೆ ನಾನು ನೋಟ್‌ಬುಕ್ ಹಿಡಿದು ಹಿಂದಿನ ಸೀಟಿನಲ್ಲಿ ತಲೆ ಎಣಿಸುತ್ತಾ ಕೂತಿದ್ದೆ. ಎರಡು ಗಂಟೆಯ ಓಟ. ಹತ್ತಿದ್ದು ಒಬ್ಬರೇ ಹೆಂಗಸು. ಮಗುವಿಗೆ ಜ್ವರ, ಶಾಲೆಯಿಂದ ಫೋನ್ ಬಂದಿತ್ತಂತೆ. ‘ಈ ಬಸ್ಸು ದಿನಾ ಹತ್ತುತ್ತೀರಾ ಮೇಡಂ?’ ಎಂದೆ. ‘ತಿಂಗಳಿಗೆ ಒಂದು ಸಲ ಇದ್ರೆ ಹೆಚ್ಚು. ಆದ್ರೆ ಇದು ಇದೆ ಅಂತಾನೇ ಕಾರು ಮನೇಲಿ ಬಿಟ್ಟು ಬರೋದು’ ಎಂದರು. ನೋಟ್‌ಬುಕ್ಕಿನಲ್ಲಿ ಅವರು ಬರೀ ‘1’. ಬೆಳಿಗ್ಗೆ ಎಂಟರ ಬಸ್ಸಿನ ಮೂವತ್ತು ಜನರಲ್ಲಿ ಇಂಥವರು ಎಷ್ಟಿದ್ದರೋ!

ಹಾಗಾಗಿ ಮಧ್ಯಾಹ್ನದ ಓಟ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಗಾಡಿ ಬದಲಿಸಿ ಎನ್ನುತ್ತೇನೆ. ಮೇಲಿನ ಲೆಕ್ಕದಲ್ಲೇ ಮಧ್ಯಾಹ್ನದ ಆರು ಓಟ, ಅಂದರೆ 60 ಕಿ.ಮೀ.ಯನ್ನು, ಲೀಟರಿಗೆ 10 ಕಿ.ಮೀ. ಕೊಡುವ, ಡಿಪೋಗೆ ಹೋಗದೆ ಅಲ್ಲೇ ನಿಲ್ಲುವ ಡೀಸೆಲ್ ವ್ಯಾನಿಗೆ ಕೊಡಿ. 50 ಲೀಟರ್ 41ಕ್ಕೆ ಇಳಿಯುತ್ತದೆ, ತಲೆಗೆ 75 ಗ್ರಾಂ ಇದ್ದದ್ದು 62ರ ಹತ್ತಿರ ಬರುತ್ತದೆ. ದೊಡ್ಡ ಬಸ್ಸು ಆ ಹೊತ್ತಿನಲ್ಲಿ ನೆರಳಲ್ಲಿ ನಿಂತಿರಲಿ. ಎಂಜಿನ್ ಆಫ್ ಮಾಡಿ, ಅಷ್ಟೇ. ಎಸಿಗೋಸ್ಕರ ಎಂಜಿನ್ ಓಡಿಸಿಕೊಂಡು ಮಲಗುವ ಡ್ರೈವರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.